ಮಗ ಇಲ್ಲೇ ಇದ್ದಾನೆ

ಎಂದೋ ಸತ್ತುಹೋದ ಕೂಲಿಯವನೊಬ್ಬನ ಹಿತ್ತಲು ನೋಡಲು ಜನ ಟಿಕೆಟ್ ಕೊಂಡು ಸಾಲಾಗಿ ನಿಂತಿದ್ದರು. ಇಂಗ್ಲೆಂಡಿನಲ್ಲಿ ಅದು ನಮ್ಮ ಎರಡನೇ ಬೇಸಿಗೆ. ನನ್ನನ್ನು ಹೇಗಾದರೂ ಮನೆಯಿಂದ ಹೊರಡಿಸಬೇಕೆಂದು ಗಂಡ ಇಮ್ರಾನ್ ಅಲ್ಲಿಗೆ ಕರೆದುಕೊಂಡು ಹೋಗಿದ್ದರು.

ಅದೊಂದು ಕಾಟೇಜ್ ಗಾರ್ಡನ್. ಅಂದರೆ ಬಡವರ ಪುಟ್ಟ ಮನೆಯ ಸುತ್ತ ಹೂವು, ಸೊಪ್ಪು, ಔಷಧಿ ಗಿಡ ಎಲ್ಲವನ್ನೂ ಒತ್ತೊತ್ತಾಗಿ ಬೆಳೆಸಿದ ತೋಟ. ಆರ್.ಟಿ. ನಗರದಲ್ಲಿ ನಮ್ಮ ಅಮ್ಮಿಯ ಮಹಡಿಯ ಮೇಲೂ ಹಾಗೇ. ಪೇಂಟ್ ಡಬ್ಬಗಳಲ್ಲಿ ಪುದೀನ, ಗುಲಾಬಿ, ಮೆಣಸಿನ ಗಿಡ ಒಂದರ ಮೈಮೇಲೊಂದು. ಅದನ್ನು ನೋಡಲು ಯಾರೂ ಬರುವುದಿಲ್ಲ. ಬಟ್ಟೆ ಒಣಹಾಕಲು ಬಂದವರು ಕೂತು ಹರಟುತ್ತಾರೆ. ಇಲ್ಲಿ ಎಲ್ಲರೂ ಪಿಸುಗುಟ್ಟುತ್ತಿದ್ದರು.

ತೋಟ ನೋಡಿಕೊಳ್ಳುವ ವಯಸ್ಸಾದ ಹೆಂಗಸೊಬ್ಬರು ನಗುತ್ತಾ ಮಾತಿಗೆ ಬಂದರು. "ಮಕ್ಕಳಿದ್ದಾರಾ?"

ಆ ಪ್ರಶ್ನೆಗೆ ಹೆದರಿಯೇ ನಾನು ಚಳಿಗಾಲವಿಡೀ ಮನೆಯಲ್ಲಿ ಕೂತಿದ್ದೆ. ಊರಲ್ಲಿದ್ದಾಗ ಮನೆಯಲ್ಲಿ ದಖ್ನಿ ಉರ್ದು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ನಾನು ಕಲಿತದ್ದು ಇಲ್ಲಿನ ಹೆರಿಗೆ ವಾರ್ಡಿನಲ್ಲಿ.

"ಒಬ್ಬ ಮಗ. ಇಲ್ಲೇ ಇದ್ದಾನೆ," ಅಂದೆ.

ಅವರು ಸುತ್ತ ಹುಡುಕಿದರು. ನನ್ನೆತ್ತರ ಬೆಳೆದಿದ್ದ, ಗಂಟೆಯಾಕಾರದ ನೇರಳೆ ಹೂಗಳ ಗಿಡ ತೋರಿಸಿ, "ಇದು ಫಾಕ್ಸ್‌ಗ್ಲೋವ್. ಮೈಯೆಲ್ಲ ವಿಷ. ಮಗು ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡ್ಕೊಳ್ಳಮ್ಮ," ಅಂದರು.

ಇಮ್ರಾನ್ ನನ್ನ ಕೈ ಹಿಡಿದರು. ನಾನು ಬಿಡಿಸಿಕೊಂಡೆ. "ಅವನು ಹುಟ್ಟುವ ಮೊದಲೇ ಹೋದ. ಈ ಊರಿನ ಮಣ್ಣಲ್ಲಿದ್ದಾನೆ."

ಆ ಹೆಂಗಸು ಕೈಗವಸು ಕಳಚಿ, ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಮಗು ಹೋದಾಗ ಇಲ್ಲಿ ಯಾರೂ ಹೀಗೆ ಬಂದು ಕೂತಿರಲಿಲ್ಲ. ಊರಲ್ಲಾಗಿದ್ದರೆ ಮನೆ ತುಂಬ ಹೆಂಗಸರಿರುತ್ತಿದ್ದರು. ಆದರೆ ನಮ್ಮ ಕಡೆ ಹೆಂಗಸರನ್ನು ಖಬರಸ್ತಾನಕ್ಕೆ ಬಿಡುವುದಿಲ್ಲ. ಇಲ್ಲಿ ತಡೆಯುವವರೂ ಇರಲಿಲ್ಲ. ಮಸೀದಿಯವರೊಬ್ಬರನ್ನು ಬಿಟ್ಟರೆ ಮಣ್ಣು ಹಾಕಿದ್ದು ನಾವಿಬ್ಬರೇ.

ವಾಪಸು ಬರುವಾಗ ಬಸ್ಸಿನಲ್ಲಿ ಇಮ್ರಾನ್ ಬಾಯಿಬಿಟ್ಟರು. "ಊರಿಗೆ ಹೋಗ್ಬಿಡೋಣ ಕಣೇ. ಹೆಬ್ಬಾಳದಲ್ಲಿ ಅಣ್ಣನ ಗ್ಯಾರೇಜಿದೆ. ಇಲ್ಲಿ ನಮಗೆ ಯಾರಿದ್ದಾರೆ?"

"ಅವನಿದಾನಲ್ರೀ."

ಅವರು ಕಿಟಕಿ ಕಡೆ ತಿರುಗಿಕೊಂಡು ಅತ್ತರು. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಆಮೇಲೆ ಆ ಮಾತು ಎತ್ತಲಿಲ್ಲ. ನಾವು ಉಳಿದೆವು; ಮನೆಯಲ್ಲಿ ಮಾತು ಕಡಿಮೆಯಾಯಿತು.

ಅಮ್ಮಿ ಫೋನಿನಲ್ಲಿ, "ಮನೆಗೆ ಯಾವಾಗ ಬರ್ತೀಯ ಬೇಟಿ?" ಅಂತಾರೆ. ಬೇಗ ಬರ್ತೀನಿ ಅನ್ನುತ್ತೇನೆ. ಶುಕ್ರವಾರ ಮಗನ ಗೋರಿಯ ಮೇಲಿನ ಕಳೆ ಕೀಳುತ್ತಾ, ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ಅನ್ನುತ್ತೇನೆ. ಎರಡನ್ನೂ ಮನಸಾರೆಯೇ ಹೇಳುತ್ತೇನೆ.