ಕೊಂಡಿ ಹಾಕುವಾಗ ಮಾತಾಡಬಾರದು

ಆರ್ಲಿಸ್ ಕ್ರೂಗರ್ ಅವರ ಜೀವನದ ಈ ಭಾಗವನ್ನು ನಾನು ಎರಡು ಬಾಯಿಗಳಿಂದ ಕೇಳಿದ್ದೇನೆ: ಒಂದು ಅವರದು, ಇನ್ನೊಂದು ಅವರ ಗಂಡ ವೆಂಡೆಲ್ ಅವರದು. ಇಬ್ಬರನ್ನೂ ಬೇರೆ ಬೇರೆ ಕೂರಿಸಿಯೇ ಕೇಳಬೇಕಾಯಿತು. ಒಟ್ಟಿಗೆ ಕೂತರೆ ಆರ್ಲಿಸ್ ಆರಂಭಿಸಿದ ವಾಕ್ಯವನ್ನು ವೆಂಡೆಲ್ ಮುಗಿಸುತ್ತಿದ್ದರು, ಅದೂ ಬೇರೆ ಅರ್ಥ ಬರುವಂತೆ. ಇಬ್ಬರ ಮಾತು ಕೂಡದ ಕಡೆ ಎರಡನ್ನೂ ಕೊಟ್ಟಿದ್ದೇನೆ.

ನಾರ್ತ್ ಡಕೋಟದ ಬಯಲುಸೀಮೆಯವರು ಇವರು. ಆರ್ಲಿಸ್ ಅಂಚೆ ಕಚೇರಿಯಲ್ಲಿದ್ದರು. ವೆಂಡೆಲ್ ಗೋಧಿಯ ಉಗ್ರಾಣ ನೋಡಿಕೊಳ್ಳುತ್ತಿದ್ದರು. ನಿವೃತ್ತರಾದ ವರ್ಷ ಮನೆ ಮಾರಿ ಮೋಟರ್‌ಹೋಮ್ ಕೊಂಡರು. ಬಸ್ಸಿನಷ್ಟು ಉದ್ದದ ಗಾಡಿ. ಒಳಗೆ ಒಲೆ, ಹಾಸಿಗೆ, ಬಚ್ಚಲು. ಹಿಂದೆ ಕಬ್ಬಿಣದ ತೋಳಿಗೆ ಸಿಕ್ಕಿಸಿದ ಸಣ್ಣ ಕಾರು ತನ್ನ ನಾಲ್ಕೂ ಚಕ್ರಗಳ ಮೇಲೆ ಉರುಳುತ್ತ ಬರುತ್ತದೆ. ಚಳಿಗಾಲಕ್ಕೆ ಅರಿಜೋನ, ಬೇಸಿಗೆಗೆ ಕೊಲರಾಡೊ. ಅಲ್ಲಿನ ಬೆಟ್ಟದ ಬುಡದಲ್ಲಿರುವ ನಮ್ಮೂರು ಸೌತ್ ಫೋರ್ಕಿನ ಕ್ಯಾಂಪಿನಲ್ಲಿ ಹೀಗೆ ಬದುಕುವವರೇ ಹೆಚ್ಚು.

ಇವರಲ್ಲಿ ಒಂದು ರಿವಾಜಿದೆ. ಗಾಡಿಗೆ ಕಾರಿನ ಕೊಂಡಿ ಹಾಕುತ್ತಿರುವವರನ್ನು ಯಾರೂ ಮಾತಾಡಿಸುವುದಿಲ್ಲ. ಬೀಳ್ಕೊಡಲು ಬಂದವರು ಸಹ ಕಾಫಿ ಲೋಟ ಹಿಡಿದು ದೂರ ನಿಲ್ಲುತ್ತಾರೆ. ಮಾತಿನ ನಡುವೆ ಒಂದು ಪಿನ್ನು ಮರೆತರೆ ಕಾರು ದಾರಿಯಲ್ಲಿ ಕಳಚಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸುವುದು ಮರೆತರೆ ಚಕ್ರ ಸುಡುತ್ತದೆ. ವೆಂಡೆಲ್ ಕೊಂಡಿ ಹಾಕುತ್ತಿದ್ದ ಅಷ್ಟೂ ವರ್ಷ ಆರ್ಲಿಸ್ ತುಟಿ ಬಿಚ್ಚಿದವರಲ್ಲ.

ಆಮೇಲೆ ವೆಂಡೆಲ್ ಅವರ ಕಣ್ಣು ಕೈಕೊಟ್ಟಿತು. ನೋಟದ ಅಂಚು ಉಳಿದು ನಡುಭಾಗ ಮಸುಕಾಯಿತು. ಸ್ಟಿಯರಿಂಗ್ ಮುಟ್ಟಕೂಡದೆಂದು ವೈದ್ಯರು ಹೇಳಿದ ದಿನವೇ ವೆಂಡೆಲ್ ಗಾಡಿ ಮಾರಿ ಅರಿಜೋನದ ಟಕ್ಸನ್‌ನಲ್ಲಿರುವ ತಮ್ಮ ತಂಗಿಯ ಮನೆಯ ಹಿಂದಿನ ಕೋಣೆ ಸೇರುವುದೆಂದು ತೀರ್ಮಾನಿಸಿದರು.

"ನಾನು ಓಡಿಸ್ತೀನಿ," ಎಂದರು ಆರ್ಲಿಸ್.

"ಬಯಲಲ್ಲಿ ಯಾರು ಬೇಕಾದ್ರೂ ಓಡಿಸ್ತಾರೆ. ವುಲ್ಫ್ ಕ್ರೀಕ್ ಘಾಟಿ ಹತ್ತಿ ಇಳಿಸು ನೋಡೋಣ, ಕಾರು ಸಮೇತ."

"ಇಳಿಸಿದ್ರೆ?"

"ಗಾಡಿ ಇರತ್ತೆ. ಇಲ್ದಿದ್ರೆ ಘಾಟಿ ಆಚೆ ಪಗೋಸ ಊರಲ್ಲಿ ಕೊಳ್ಳೋಕೆ ಒಬ್ಬ ಕಾದು ಕೂತಿದಾನೆ."

ಆ ಕೋಣೆಯ ವಿಷಯ ಆರ್ಲಿಸ್ ನನಗೆ ಹೇಳಿದ್ದು ಹೀಗೆ: "ನಮ್ಮ ನಾದಿನಿ ಅಲ್ಲಿ ಹೊಲಿಗೆ ಮಿಷನ್ ಇಟ್ಕೊಂಡಿದಾಳೆ. ಅದನ್ನ ತೆಗೆಯಲ್ವಂತೆ. ನಾವೇ ಅದರ ಸುತ್ತ ಬದುಕಬೇಕಂತೆ."

ಹೊರಡುವ ಬೆಳಗ್ಗೆ ಆರ್ಲಿಸ್ ಮಂಡಿಯೂರಿ ಕೊಂಡಿ ಹಾಕುತ್ತಿದ್ದರೆ ವೆಂಡೆಲ್ ತಲೆಯ ಮೇಲೇ ನಿಂತಿದ್ದರು.

"ಎಡಗಡೆ ಪಿನ್ ಹಾಕಿದ್ಯಾ?"

"ಹಾಕ್ತಾ ಇದೀನಿ."

"ಸರಪಳಿ ಒಂದರ ಮೇಲೊಂದು ಅಡ್ಡ ಬರಬೇಕು."

"ವೆಂಡೆಲ್, ರಿವಾಜು!"

"ರಿವಾಜು ಬೇರೆಯವರಿಗೆ ಕಣೇ. ನಾನು ಬೇರೆಯವನಾ?"

ಎಲ್ಲಿಯವರೆಗೆ ಬಂದೆನೆಂಬುದೇ ತಪ್ಪಿಹೋಗಿ, ಆರ್ಲಿಸ್ ಎಲ್ಲ ಬಿಚ್ಚಿ ಮೊದಲಿನಿಂದ ಹಾಕಿದರು. ಬಳಿಕ ಕಾರಿನೊಳಗೆ ಕೂತು ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಇಳಿಸಿದರು. ಕಾರಿನ ಮುಂಗಾಜಿನ ಹಿಂದೆ ವೆಂಡೆಲ್ ಅವರ ಹುಲ್ಲಿನ ಟೋಪಿ ಬಿದ್ದಿತ್ತು. ಅದನ್ನು ಅಲ್ಲೇ ಬಿಟ್ಟು, ಬಾಗಿಲು ಹಾಕಿ, ಕೈ ತೊಳೆಯಲು ಒಳಗೆ ಹೋದರು.

ಇಂಥ ಗಾಡಿಯ ಎಂಜಿನ್ ಇರುವುದು ಹಿಂಭಾಗದಲ್ಲಿ, ಹಾಸಿಗೆಯ ಕೆಳಗೆ. ಮುಂದೆ ಕೂತವರಿಗೆ ಅದರ ಸದ್ದು ಅಷ್ಟಾಗಿ ಕೇಳಿಸದು. ಆದ್ದರಿಂದ ಘಾಟಿಯ ಉದ್ದಕ್ಕೂ ಆರ್ಲಿಸ್ ಅವರಿಗೆ ಗಂಡನ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಗಾಡಿ ಎಳೀತಾ ಇಲ್ಲ ಯಾಕೋ," ಎಂದರು ಆರ್ಲಿಸ್.

"ಗೇರು ಇಳಿಸು."

"ಇಳಿಸಿದೀನಿ."

"ಇನ್ನೊಂದು ಇಳಿಸು."

ಹಿಂಬದಿಯನ್ನು ತೋರಿಸುವ ಪುಟ್ಟ ಪರದೆಯಲ್ಲಿ ಏನೋ ಬೆಳ್ಳಗೆ ಸುಳಿಯುತ್ತಿತ್ತು. ವೆಂಡೆಲ್ ಅವರಿಗೆ ಅದು ಕಾಣುವಂತಿರಲಿಲ್ಲ.

"ಹಿಂದೆ ಹೊಗೆ ಬರ್ತಿದೆ."

"ಡೀಸಲ್ ಗಾಡಿ ಕಣೇ, ಹತ್ತುವಾಗ ಹೊಗೆ ಬಿಡದೆ ಹೂವು ಬಿಡತ್ತಾ?"

ಪಕ್ಕದಲ್ಲಿ ಏರಿಬಂದ ಲಾರಿಯವನು ಹಾರ್ನ್ ಬಾರಿಸಿ, ಹೆಬ್ಬೆರಳಿನಿಂದ ಹಿಂದೆ ಹಿಂದೆ ಎಂದು ತೋರಿಸಿ ಹೋದ.

"ನಿಧಾನಕ್ಕೆ ಹೋಗ್ತಿದೀಯ ಅಂತ ಬಯ್ತಿದಾನೆ," ಎಂದು ವೆಂಡೆಲ್ ವಿವರಿಸಿದರು. ಸುಟ್ಟ ವಾಸನೆ ಮುಂದಕ್ಕೂ ಬಂತು. "ನೋಡು, ನೀನು ಬ್ರೇಕ್ ಮೇಲೆ ಕಾಲಿಟ್ಕೊಂಡಿದೀಯ."

"ಹತ್ತುವಾಗ ಯಾರಾದ್ರೂ ಬ್ರೇಕ್ ತುಳೀತಾರಾ?"

"ನೀನು ತುಳೀತೀಯ. ಬಲಕ್ಕೆ, ಬಲಕ್ಕೆ ತಗೋ! ಅಲ್ಲಿ ಅಗಲವಾದ ಜಾಗ ಇದೆ, ಒಂದ್ಸಲ ನಿಲ್ಲಿಸಿ ಹಣ್ಣಿನ ಪೈ ತಿಂದಿದ್ವಲ್ಲ."

ಆರ್ಲಿಸ್ ಬಲಕ್ಕಿದ್ದ ಕಾಡುದಾರಿಗೆ ತಿರುಗಿಸಿದರು. ಒಂದು ತಿರುವಿನಾಚೆ ಆ ದಾರಿ ಬೀಗ ಹಾಕಿದ ಗೇಟಿನಲ್ಲಿ ಮುಗಿದಿತ್ತು. ಪೈ ತಿಂದದ್ದು ಇನ್ನೂ ಮೇಲಿನ ಬಲತಿರುವಿನಲ್ಲೆಂದೂ, ಹೆಂಡತಿ ಅವಸರಪಟ್ಟಳೆಂದೂ ವೆಂಡೆಲ್ ಹೇಳುತ್ತಾರೆ. ಗಂಡ ತನ್ನ ಕಿವಿಯ ಪಕ್ಕದಲ್ಲೇ "ಈಗಲೇ" ಎಂದು ಕೂಗಿದರೆಂದು ಆರ್ಲಿಸ್ ಹೇಳುತ್ತಾರೆ.

ಕಾರು ಕಟ್ಟಿಕೊಂಡ ಗಾಡಿಯನ್ನು ಹಿಂದಕ್ಕೆ ಓಡಿಸಲಾಗದು. ಓಡಿಸಿದರೆ ಕಾರಿನ ಮುಂದಿನ ಚಕ್ರಗಳು ಅಡ್ಡ ತಿರುಗಿ, ತೋಳು ಮುರಿಯುತ್ತದೆ. ಕೊಂಡಿ ಬಿಚ್ಚಲೇಬೇಕು. ಆದರೆ ಏರಿನಲ್ಲಿ ಓರೆಯಾಗಿ ನಿಂತುಬಿಟ್ಟರೆ ಪಿನ್ನುಗಳು ಕಚ್ಚಿಕೊಂಡು ಜಪ್ಪಯ್ಯ ಅಂದರೂ ಬರುವುದಿಲ್ಲ. ಆರ್ಲಿಸ್ ಸುತ್ತಿಗೆ ತಂದು ಹೊಡೆಯತೊಡಗಿದರು.

ಅಷ್ಟರಲ್ಲಿ ಸೌದೆ ತುಂಬಿದ ಪಿಕಪ್ ಒಂದು ಬಂದು ನಿಂತಿತು. ಇಳಿದವನು ನಮ್ಮೂರಿನ ರಾಯ್ಸ್.

"ಅಮ್ಮಾ, ನಾನೇನಾದ್ರೂ..."

"ಶ್!" ವೆಂಡೆಲ್ ಕೈಯೆತ್ತಿ ತಡೆದರು. "ಕೊಂಡಿ ಹತ್ರ ಇರೋರನ್ನ ಮಾತಾಡಿಸಬಾರದು ಕಣಪ್ಪ. ಅಷ್ಟೂ ಗೊತ್ತಿಲ್ವಾ? ಆರ್ಲಿ, ಎಡಕ್ಕೆ ಹೊಡಿ, ಬಲಕ್ಕಲ್ಲ. ಎಡಕ್ಕೆ!"

"ಆಗ ಸುತ್ತಿಗೆ ಕೆಳಗಿಟ್ಟೆ," ಎಂದು ಆರ್ಲಿಸ್ ನೆನೆಯುತ್ತಾರೆ. "ಅದು ಕೈಯಲ್ಲಿರೋದು ಒಳ್ಳೇದಲ್ಲ ಅನ್ನಿಸ್ತು."

ಕಾರನ್ನು ಒಂದಿಷ್ಟು ಮುಂದಕ್ಕೆ ಜರುಗಿಸಿದರೆ ಪಿನ್ನು ಸಡಿಲವಾದೀತೆಂದು ಅವರು ಅದರ ಬಾಗಿಲು ತೆರೆದರು. ಹ್ಯಾಂಡ್‌ಬ್ರೇಕ್ ಮೇಲಕ್ಕೆ ಎಳೆದುಕೊಂಡಿತ್ತು. ಹಿಂದಿನ ಚಕ್ರಗಳಿಂದ ಹೊಗೆ ಇನ್ನೂ ಏಳುತ್ತಿತ್ತು. ಬೆಟ್ಟದ ಬುಡದಿಂದ ಇಲ್ಲಿಯವರೆಗೆ ಕಾರನ್ನು ಬ್ರೇಕ್ ಸಮೇತ ಎಳೆದು ತಂದಿದ್ದರು.

ತಾನೇ ಮರೆತೆ ಎಂದುಕೊಂಡರಂತೆ ಮೊದಲು. ಕಣ್ಣ ಮುಂದೆ ಆ ಹೊಲಿಗೆ ಮಿಷನ್ ಬಂದು ನಿಂತಿತಂತೆ. ಆಮೇಲೆ ಗಾಜಿನ ಹಿಂದೆ ಟೋಪಿ ಇಲ್ಲದಿರುವುದನ್ನು ಕಂಡರು. ತಿರುಗಿ ನೋಡಿದರೆ ಅದು ಗಂಡನ ತಲೆಯ ಮೇಲಿತ್ತು.

"ವೆಂಡೆಲ್, ಆ ಟೋಪಿ ಎಲ್ಲಿತ್ತು?"

"ಕಾರಲ್ಲಿ. ಬಿಸಿಲಿತ್ತು, ತಗೊಂಡೆ."

"ಯಾವಾಗ?"

"ನೀನು ಕೈ ತೊಳೆಯೋಕೆ ಹೋದಾಗ. ಸೀಟಲ್ಲಿ ಕೂತು, ತಲೆಗಿಟ್ಟು, ಕನ್ನಡಿ ನೋಡ್ಕೊಂಡೆ. ಯಾಕೆ?"

"ಇಳಿಯುವಾಗ ಏನು ಮಾಡಿದೆ?"

"ಇಳಿಯುವಾಗ ಏನ್ಮಾಡ್ತಾರೆ? ಬ್ರೇಕ್ ಎಳೆದು..." ವೆಂಡೆಲ್ ಅಲ್ಲಿಗೆ ನಿಲ್ಲಿಸಿದರು. ಅವರು ತಮ್ಮದೇ ವಾಕ್ಯವನ್ನು ಮುಗಿಸದೆ ಬಿಟ್ಟದ್ದು, ನನಗೆ ತಿಳಿದಂತೆ, ಅದೊಂದೇ ಸಲ.

"ನಾನು ಆಮೇಲೆ ಬರ್ಲಾ?" ಎಂದನಂತೆ ರಾಯ್ಸ್.

ಅವನೇ ಪಿನ್ನು ಬಿಡಿಸಿಕೊಟ್ಟು, ಕಾರನ್ನು ಊರಿನ ಗ್ಯಾರೇಜಿಗೆ ತಲುಪಿಸಿದ. ಆರ್ಲಿಸ್ ಗಾಡಿಯನ್ನು ಹಿಂದಕ್ಕೆ ತೆಗೆದು ಹೆದ್ದಾರಿ ಮುಟ್ಟಿಸಿದರು. ಮೇಲಕ್ಕೆ ಹೋಗುವುದೋ ಕೆಳಕ್ಕೋ ಎಂದು ಒಂದು ಕ್ಷಣ ತಡೆದಾಗ ವೆಂಡೆಲ್ ಬಾಯಿ ಬಿಟ್ಟರು: "ಕಾರಿಲ್ದೆ ದಾಟಿದ್ರೆ ಲೆಕ್ಕಕ್ಕಿಲ್ಲ."

ಆರ್ಲಿಸ್ ಕೆಳಕ್ಕೆ ತಿರುಗಿಸಿದರು.

ಕಾರಿನ ಬ್ರೇಕು ರಿಪೇರಿಯಾದ ಮೇಲೆ ಅವರು ಮತ್ತೆ ಹೊರಟ ಬೆಳಗ್ಗೆ, ಕಾಫಿ ಲೋಟ ಹಿಡಿದು ದೂರ ನಿಂತವರಲ್ಲಿ ನಾನೂ ಇದ್ದೆ. ವೆಂಡೆಲ್ ಅವರನ್ನೂ ನಮ್ಮ ಸಾಲಿನಲ್ಲೇ ನಿಲ್ಲಿಸಲಾಗಿತ್ತು. ಹೆಂಡತಿಯ ಕೈ ಎತ್ತ ಹೋದರೂ ಅವರ ತುಟಿ ಅಲುಗುತ್ತಿತ್ತು. ಆರ್ಲಿಸ್ ಕೊಂಡಿ ಮುಗಿಸಿ, ಟೋಪಿ ತಂದು ಗಂಡನ ಕೈಗಿತ್ತು, ಕಾರಿಗೆ ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ನೇತುಹಾಕಿಕೊಂಡರು. ಆಮೇಲೆ ಹುರುಳಿಕಾಯಿ ಬೇಯಿಸುವ ದೊಡ್ಡ ಪಾತ್ರೆಯನ್ನು ಚಾಲಕನ ಪಕ್ಕದ ಆಸನದಲ್ಲಿಟ್ಟು ಬೆಲ್ಟ್ ಬಿಗಿದರು.

"ನನ್ನ ಜಾಗದಲ್ಲಿ ಪಾತ್ರೆ ಇಟ್ಟಿದೀಯಲ್ಲೇ!"

"ಅದು ಮಾತಾಡಲ್ಲ."

ವೆಂಡೆಲ್ ಅವರಿಗೆ ಸಿಕ್ಕಿದ್ದು ಊಟದ ಮೇಜಿನ ಬೆಂಚು. ಎಂಜಿನ್ನಿನ ಸಮೀಪ, ಹಿಂದಕ್ಕೆ ಮುಖಮಾಡಿ ಕೂರುವ ಜಾಗ.

ಅವರು ಘಾಟಿ ಹತ್ತಿ ಇಳಿದರು, ಕಾರು ಸಮೇತ. ಪಗೋಸದ ಗಿರಾಕಿ ಬರಿಗೈಯಲ್ಲಿ ಮನೆಗೆ ಹೋದ.

"ಉದ್ದಕ್ಕೂ ಕೂಗ್ತಾನೇ ಇದ್ದೆ," ಎಂದು ವೆಂಡೆಲ್ ನನಗೆ ಹೇಳಿದರು, "ಚೆನ್ನಾಗಿ ಓಡಿಸ್ತಿದೀಯ, ಚೆನ್ನಾಗಿ ಓಡಿಸ್ತಿದೀಯ ಅಂತ. ಎಂಜಿನ್ ಗದ್ದಲದಲ್ಲಿ ಅವಳಿಗೆ ಕೇಳಿಸ್ಲಿಲ್ಲ."

ಈ ಮಾತನ್ನು ನಾನು ಆರ್ಲಿಸ್ ಅವರ ಮುಂದಿಟ್ಟೆ.

"ಏನು ಕೂಗಿದ್ನೋ ಕೇಳಿಸ್ಲಿಲ್ಲ, ನಿಜ," ಎಂದರು. "ಆದ್ರೆ ಗಾಡಿಯೊಳಗೆ ಓಡಾಡೋ ಜಾಗಕ್ಕೆ ಚಾಚಿದ್ದ ಅವನ ಬಲಗಾಲು ನನಗೆ ಕನ್ನಡೀಲಿ ಕಾಣ್ತಿತ್ತು. ಪ್ರತಿ ತಿರುವಿಗೂ ನೆಲ ತುಳೀತಿದ್ದ. ಹಿಂದಕ್ಕೆ ಮುಖ ಮಾಡ್ಕೊಂಡು, ನಾನು ದಾಟಿ ಆದ ತಿರುವಿಗೆ ಬ್ರೇಕ್ ಹಾಕ್ತಾನೆ ಕಣಪ್ಪ!"