ಶೋಧನ್ ಊದದ ಗಟ್ಟಿಮೇಳ

ತೋಡಾರಿನ ಶೋಧನ್ ಪ್ರವಾಸಿ ಹಡಗಿನಲ್ಲಿ ಸ್ಯಾಕ್ಸೋಫೋನ್ ಊದುತ್ತಾನೆ ಎಂದರೆ ನಮ್ಮೂರಿನವರಿಗೆ ಇವತ್ತಿಗೂ ನಂಬಿಕೆಯಿಲ್ಲ. ಪಾತ್ರೆ ತೊಳೆಯುತ್ತಿರಬೇಕು, ಹೇಳಿಕೊಳ್ಳಲು ನಾಚಿಕೆ ಎನ್ನುತ್ತಾರೆ. ನಾನು ನಂಬುತ್ತೇನೆ. ಹನ್ನೆರಡು ವರ್ಷ ಮೂಡುಬಿದಿರೆಯ ಮದುವೆಗಳಲ್ಲಿ ಅವನ ಪಕ್ಕ ಕೂತು ಡೋಲು ಬಾರಿಸಿದ ಜಯಪ್ರಕಾಶ್ ನಾನು.

ಅವನ ಅಪ್ಪ ಸಂಕಪ್ಪಣ್ಣನೇ ನಮ್ಮಿಬ್ಬರಿಗೂ ಗುರು. ರಾಗಕ್ಕಿಂತ ಮೊದಲು ಅವರು ಕಲಿಸಿದ್ದು ಪುರೋಹಿತರ ಬೆರಳು ನೋಡುವುದನ್ನು. ಕರಿಮಣಿ ಕಟ್ಟುವ ಹೊತ್ತಿಗೆ ಆ ಬೆರಳು ಎದ್ದರೆ, ನುಡಿಸುತ್ತಿದ್ದುದನ್ನು ಅಲ್ಲಿಗೇ ಬಿಟ್ಟು ಗಟ್ಟಿಮೇಳ ಎತ್ತಬೇಕು. ಅರೆಕ್ಷಣ ತಡವಾದರೂ ಮನೆಗೆ ಬಂದ ಮೇಲೆ ಬೈಗುಳ ಖಂಡಿತ. ಅವರು ತೀರಿಕೊಂಡಾಗ ಮಗಳು ಕಾಂತಿಗೆ ಹದಿನಾರು ವರ್ಷ. ಅವಳ ಮದುವೆಗೆ ತಾನೇ ಊದುತ್ತೇನೆಂದು ಶೋಧನ್ ತಂಗಿಗೆ ಮಾತು ಕೊಟ್ಟ.

ಮಾತು ಕೊಟ್ಟವನು ಹಡಗು ಹತ್ತಿದ. ಮೊದಲ ದಿನ ವೇದಿಕೆ ಹತ್ತುವಾಗ ಅಭ್ಯಾಸಬಲದಿಂದ ಬೂಟು ಕಳಚಿಟ್ಟು ಬೈಸಿಕೊಂಡನಂತೆ. ಕಾಂತಿಗೆ ಮದುವೆ ನಿಶ್ಚಯವಾದಾಗ ಅವನು ಫೋನ್ ಮಾಡಿದ.

‘ಬದಲಿ ಜನ ಸಿಗ್ಲಿಲ್ಲ ಜಯಣ್ಣ. ರಜೆ ಕೊಡುದಿಲ್ಲವಂತೆ.’

‘ಹಾಳಾಗಿ ಹೋಗ್ಲಿ ನಿನ್ನ ಹಡಗು’ ಎಂದು ಫೋನ್ ಇಟ್ಟೆ. ಆಮೇಲೆ ನನಗೇ ಹೆದರಿಕೆಯಾಗಿ, ಅಲ್ಲಿ ಗಾಳಿ ಹೇಗುಂಟು ಎಂದು ಮೆಸೇಜ್ ಹಾಕಿದೆ.

ಬಂಟ್ವಾಳದಿಂದ ಬೇರೆಯವರನ್ನು ಕರೆಸುವ ಎಂದರೆ ಕಾಂತಿ ಒಪ್ಪಲಿಲ್ಲ. ‘ಅಣ್ಣ ಇಲ್ಲದಿದ್ರೆ ಆ ಜಾಗ ಖಾಲಿ ಇರ್ಲಿ’ ಎಂದಳು. ಮದುವೆಯ ದಿನ ಬೆರಳು ಎದ್ದಾಗ ನಾನೊಬ್ಬನೇ ಬಾರಿಸಿದೆ. ಕಾಂತಿ ತಲೆಯೆತ್ತಿ ನನ್ನ ಪಕ್ಕದ ಖಾಲಿ ಕುರ್ಚಿ ನೋಡಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ತಾಳ ತಪ್ಪಿತು.

ಮೂರು ತಿಂಗಳ ನಂತರ ಊರಿಗೆ ಬಂದ ಶೋಧನ್, ಕೊಕ್ಕಡದಲ್ಲಿದ್ದ ಕಾಂತಿಯ ಮನೆಗೆ ನನ್ನನ್ನೂ ಎಳೆದುಕೊಂಡು ಹೋದ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ಸಂಜೆ ಬೆಳ್ತಂಗಡಿಯಲ್ಲಿ ಕಾರ್ಯಕ್ರಮವಿದ್ದುದರಿಂದ ವಾದ್ಯಗಳು ಕಾರಿನಲ್ಲೇ ಇದ್ದವು. ಕಾಂತಿ ನನ್ನ ಚಾ ಕೈಗೆ ಕೊಟ್ಟಳು, ಅವನದನ್ನು ಮೇಜಿನ ಮೇಲಿಟ್ಟಳು. ಅವನು ಲೋಟವನ್ನೇ ನೋಡುತ್ತಾ ಶುರು ಮಾಡಿದ.

‘ನಿನ್ನ ಮದುವೆ ದಿನ ಹಡಗಿನಲ್ಲಿ ಒಂದು ಎಡವಟ್ಟಾಯ್ತು. ಒಬ್ಬರು ಅಜ್ಜ ಅಜ್ಜಿ, ಮದುವೆಯಾಗಿ ಐವತ್ತು ವರ್ಷ ಅಂತ ಪುನಃ ಉಂಗುರ ತೊಡಿಸುವ ಕಾರ್ಯಕ್ರಮ. ನಾವು ಮೆಲ್ಲ ನುಡಿಸ್ತಾ ಇದ್ದೆವು. ಜನ ಸುಮ್ಮನಿರ್ಲಿ ಅಂತ ಕ್ಯಾಪ್ಟನ್ ಬೆರಳೆತ್ತಿದ. ನಾನು ಗಟ್ಟಿಮೇಳ ಊದಿಬಿಟ್ಟೆ.’

‘ಎಂತ!’ ಎಂದಳು ಕಾಂತಿ.

‘ಪೂರ್ತಿ ಉಸಿರಲ್ಲಿ. ಅಜ್ಜಿಯ ಕೈಯಿಂದ ಹೂ ಬಿತ್ತು. ಎಲ್ಲರೂ ನೋಡ್ತಿದ್ರೂ ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ ಮಾರಾಯ್ತಿ. ಬೆಳಿಗ್ಗೆಯಿಂದ ನಿನ್ನ ಮಂಟಪವೇ ಕಣ್ಣ ಮುಂದೆ ಇತ್ತು.’

ಕಾಂತಿ ನಕ್ಕಳು. ನಗುತ್ತಿದ್ದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ಯಾರೋ ಅಜ್ಜಿಗೆ ಊದಿದ್ದಿಯಲ್ಲ. ನನಗೆ?’

ನಾನೇ ಎದ್ದು ಕಾರಿನಿಂದ ಡೋಲನ್ನೂ ಅವನ ಪೆಟ್ಟಿಗೆಯನ್ನೂ ತಂದೆ.

‘ಕರಿಮಣಿ ಕಟ್ಟಿ ಆಯ್ತಲ್ಲ, ಇನ್ನು ಎಂತಕ್ಕೆ?’ ಎನ್ನುತ್ತಲೇ ಶೋಧನ್ ಸ್ಯಾಕ್ಸೋಫೋನ್ ಜೋಡಿಸಿದ. ಕಾಂತಿ ಒಳಗಿದ್ದ ಗಂಡನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಕೊರಳಿನ ಕರಿಮಣಿಯನ್ನು ಎಡಗೈಯಲ್ಲಿ ಹಿಡಿದು, ಅಣ್ಣನನ್ನೇ ನೋಡುತ್ತಾ ಬಲಗೈಯ ಬೆರಳೆತ್ತಿದಳು.

ಶೋಧನ್ ಅರೆಕ್ಷಣವೂ ತಡಮಾಡಲಿಲ್ಲ.