ಅಬೀನಾ ಟೂಮಿ ದೇಶಕ್ಕೆ ಆಡಿದ್ದು

ಐರ್ಲೆಂಡಿನ ಮಸ್ಕೆರಿ ಸೀಮೆಯಲ್ಲಿ ಅಬೀನಾ ಟೂಮಿ ಕೈಹಾಕದ ಆಟ ಅಂತ ಒಂದೂ ಉಳಿದಿರಲಿಲ್ಲ. ಅಪ್ಪ ಕಾನಿ ಟೂಮಿ ಭಾನುವಾರ ಚರ್ಚು ಮುಗಿಸಿ ರಸ್ತೆಗುಂಡಿನ ಪಂದ್ಯಕ್ಕೆ ಹೊರಟರೆ ಮಗಳೂ ಬೆನ್ನಿಗೇ ಹೊರಡುತ್ತಿದ್ದಳು. ಹಿಡಿಗಾತ್ರದ ಕಬ್ಬಿಣದ ಗುಂಡನ್ನು ಓಡಿಬಂದು ಹಳ್ಳಿರಸ್ತೆಯ ಉದ್ದಕ್ಕೆ ಎಸೆಯಬೇಕು. ಕಡಿಮೆ ಎಸೆತಕ್ಕೆ ಊರಾಚೆಯ ಸೇತುವೆ ಮುಟ್ಟಿಸಿದವರು ಗೆದ್ದಂತೆ. ಹನ್ನೊಂದರ ಹುಡುಗಿ ಒಂದು ದಿನ ರಸ್ತೆಯ ಗೊಡವೆಯೇ ಬೇಡವೆಂದು ತಿರುವಿನ ಬೇಲಿಯ ಮೇಲಿಂದ ಗುಂಡು ಹಾರಿಸಿ ಆಚೆ ಬದಿಯ ರಸ್ತೆಗೆ ಇಳಿಸಿಬಿಟ್ಟಳು. ನೋಡುತ್ತ ನಿಂತ ಗಂಡಸರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಕಾನಿ ಮಾತ್ರ ಇದೆಲ್ಲ ದಿನಾ ಆಗುವುದೇ ಎನ್ನುವಂತೆ ಪೈಪಿಗೆ ಹೊಗೆಸೊಪ್ಪು ತುಂಬುತ್ತ ನಿಂತ.

ಬೇಸಿಗೆಯಲ್ಲಿ ಕೋಲು ಹಿಡಿದು ಆಡುವ ಕ್ಯಾಮೋಗಿ. ಗೋಲಿನ ಬಾಯಲ್ಲಿ ಅಬೀನಾ ನಿಂತಳೆಂದರೆ ಬಾಗಿಲಿಗೆ ಅಗುಳಿ ಬಿದ್ದ ಹಾಗೆ. ಚಳಿಗಾಲದಲ್ಲಿ ಫುಟ್‌ಬಾಲು. ದನದ ಪ್ರದರ್ಶನದ ದಿನ ಹಗ್ಗಜಗ್ಗಾಟ; ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಕಟ್ಟಕಡೆಗೆ ನಿಲ್ಲುವ ಜಾಗ ಅವಳದೇ. ಅಮ್ಮ ಹ್ಯಾನಿ ಹೊಲಿಗೆ ಕೆಲಸದವಳು. ಊರವರ ಬಟ್ಟೆಯೆಲ್ಲ ಹೊಲಿದಾದ ಮೇಲೆ ಮಗಳ ಹರಿದ ಬಟ್ಟೆಗೆ ಕೂರುವಳು. ಇವಳಿಗಿಂತ ಒಂದು ಹೋರಿಗೆ ಬಟ್ಟೆ ಹೊಲಿಯುವುದು ಸುಲಭವಿತ್ತು ಅಂತ ಗೊಣಗುವಳು, ಗೊಣಗುತ್ತಲೇ ನಗುವಳು.

ದೊಡ್ಡವಳಾದ ಮೇಲೆ ಅಬೀನಾ ಹಾಲಿನ ಲಾರಿ ಓಡಿಸತೊಡಗಿದಳು. ಮನೆಮನೆಯ ಅಂಗಳಕ್ಕೆ ಲಾರಿ ಹೊಗಿಸಿ, ಪೈಪು ಸಿಕ್ಕಿಸಿ, ಹಾಲು ತುಂಬಿಕೊಂಡು ಡೇರಿಗೆ ಮುಟ್ಟಿಸುವ ಕೆಲಸ. ಹಾಗೊಂದು ಫೆಬ್ರವರಿಯ ಬೆಳಗ್ಗೆ ಡೆನ್ನಿ ಜೋ ಕ್ರೀಡನ್‌ನ ಅಂಗಳಕ್ಕೆ ಹೋದರೆ ಅಲ್ಲಿ ಯಾರೂ ಇಲ್ಲ. ಗದ್ದಲವೆಲ್ಲ ಹಿಂದಿನ ಹುಲ್ಲುಗಾವಲಿನಿಂದ ಕೇಳಿಸುತ್ತಿತ್ತು. ಹಸುವೊಂದು ಬಸಿಗಾಲುವೆಯ ಕೆಸರಿಗೆ ಬಿದ್ದು ಹೊಟ್ಟೆಮಟ್ಟ ಹೂತುಹೋಗಿದೆ. ಡೆನ್ನಿ ಜೋನ ಟ್ರಾಕ್ಟರು ಚಳಿಗೆ ಮುನಿಸಿಕೊಂಡು ಏಳಲೊಲ್ಲದು. ದನದ ಡಾಕ್ಟರು ಊನಾ ಹೆಗಾರ್ಟಿ ಹಸುವಿಗೆ ಹಗ್ಗ ಬಿಗಿದು ದಡದ ಮೇಲೆ ಒಬ್ಬಳೇ ಒದ್ದಾಡುತ್ತಿದ್ದಾಳೆ. ಅಬೀನಾ ಹಗ್ಗವನ್ನು ಮೈಗೆ ಸುತ್ತಿಕೊಂಡು, ಹಿಮ್ಮಡಿ ನೆಲಕ್ಕೆ ಊರಿ, ಹಿಂದಕ್ಕೆ ವಾಲಿದಳು. ಡೆನ್ನಿ ಜೋ ಕೆಳಗಿನಿಂದ ಹಸುವಿನ ಹಿಂಭಾಗಕ್ಕೆ ಹೆಗಲು ಕೊಟ್ಟ. ಕೆಸರು ಒಮ್ಮೆ ದೊಡ್ಡದಾಗಿ ತೇಗಿತು. ಹಸು ಮೇಲೆ ಬಂತು, ಡೆನ್ನಿ ಜೋ ಕೆಳಗೆ ಹೋದ.

ಊನಾ ಹಸುವನ್ನು ಬಿಟ್ಟು ಅಬೀನಾಳನ್ನೇ ನೋಡುತ್ತ ನಿಂತಳು.

"ನಮ್ಮ ತಂಡಕ್ಕೆ ಬರ್ತೀಯಾ? ಕಾರ್ಕ್‌ನಲ್ಲಿ ರಗ್ಬಿ ಆಡ್ತೀವಿ."

"ನಂಗೀಗ ಇಪ್ಪತ್ತೊಂಬತ್ತು."

"ನಿನ್ನ ವಯಸ್ಸು ಎಷ್ಟು ಅಂತ ಆ ಹಸು ಕೇಳ್ತಾ?"

"ಮಾತುಕತೆ ಆಮೇಲೆ ಆಡ್ಕೊಳ್ರವ್ವಾ," ಅಂತ ಕಾಲುವೆಯಿಂದ ಡೆನ್ನಿ ಜೋನ ದನಿ ಬಂತು. "ನಾನೂ ಇಲ್ಲೇ ಇದೀನಿ."

ಮನೆಯಲ್ಲಿ ಸುದ್ದಿ ತಿಳಿಸಿದಾಗ ಕಾನಿ ಊಟಕ್ಕೆ ಕೂತು ಬೆಂದ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಿದ್ದ ಚಾಕು ಕೆಳಗಿಟ್ಟ. ರಗ್ಬಿ ಎಂದರೆ ಪಟ್ಟಣದ ಡಾಕ್ಟರು, ವಕೀಲರ ಮಕ್ಕಳ ಆಟ, ಹೊರಗಿನವರ ಆಟ. ಟೂಮಿ ಮನೆತನದಲ್ಲಿ ಅದನ್ನು ಯಾರೂ ಕಣ್ಣೆತ್ತಿಯೂ ನೋಡಿದವರಲ್ಲ ಎಂದ. ಹ್ಯಾನಿ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.

"ಅಲ್ಲ ಕಾನಿ, ಮದುವೆಗೆ ಮುಂಚೆ ಪ್ರತಿ ಚಳಿಗಾಲ ಹಲ್ಲು ಕೀಳಿಸ್ಕೋಬೇಕು ಅಂತ ಕಾರ್ಕ್‌ಗೆ ಹೋಗ್ತಿದ್ಯಲ್ಲ. ನಿನ್ನ ಬಾಯಲ್ಲಿ ಹಲ್ಲು ಎಲ್ಲಾ ಹಾಗೇ ಇದಾವಲ್ಲ, ಹೇಗೆ?"

ಆ ಕಾಲದಲ್ಲಿ ಕಾನಿಯಂತೆ ಐರ್ಲೆಂಡಿನದೇ ನಾಡಿನ ಆಟ ಆಡುವವರು ರಗ್ಬಿ ಮೈದಾನದ ಬೇಲಿಯ ಹತ್ತಿರವೂ ಸುಳಿಯಬಾರದು ಎಂಬ ಕಟ್ಟಳೆ ಇತ್ತು. ಸಿಕ್ಕಿಬಿದ್ದರೆ ಆಟದಿಂದಲೇ ಹೊರಗೆ. ಕಾನಿಯ ಕಿವಿಯ ತುದಿ ಕೆಂಪಾಯಿತು. ಬೆಣ್ಣೆ ಈ ಕಡೆ ಕೊಡು ಅಂದ, ಅಷ್ಟೇ. ಅದನ್ನೇ ಒಪ್ಪಿಗೆ ಎಂದು ಅಬೀನಾ ಎಣಿಸಿದಳು.

ಮೊದಮೊದಲು ಎಡವಟ್ಟೇ ಆಯಿತು. ಸ್ಕ್ರಮ್‌ನಲ್ಲಿ ಎಂಟು ಮಂದಿ ತೋಳು ಹೆಣೆದು, ತಲೆ ತಗ್ಗಿಸಿ, ಎದುರಿನ ಎಂಟು ಮಂದಿಯನ್ನು ತಳ್ಳಬೇಕು. ಹುಟ್ಟಿದಾಗಿನಿಂದ ಎಳೆದೇ ಅಭ್ಯಾಸವಾದ ಮೈ ಇದು. ಎದುರಿನವಳ ಅಂಗಿ ಕೈಗೆ ಸಿಕ್ಕಿದ್ದೇ ತಡ, ಹಿಂದಕ್ಕೆ ವಾಲುತ್ತಿತ್ತು. ಎರಡೂ ತಂಡ ರಾಶಿರಾಶಿಯಾಗಿ ಅವಳ ಮೇಲೆಯೇ ಬೀಳುತ್ತಿದ್ದವು. ಪಕ್ಕದಲ್ಲಿ ಅವಳ ಹೆಗಲಿಗೆ ನೇತುಬಿದ್ದು ಆಡುತ್ತಿದ್ದವಳು ಡಿಂಫ್ನಾ, ಗುಬ್ಬಿಯಂಥ ಶಾಲೆ ಟೀಚರು. ಅವಳು ಕೆಸರು ಉಗುಳಿ ಹೇಳಿದಳು: "ಅಬೀನಾ, ಅವರನ್ನ ಕೈಹಿಡಿದು ಒಳಕ್ಕೆ ಕರೀತಿದೀಯಲ್ಲೇ. ಅವರು ನಮ್ಮ ನೆಂಟರಲ್ಲ."

ಅಬೀನಾ ಮನೆಗೆ ಬಂದು ಹುಲ್ಲಿನ ಉರುಳೆಗಳ ಮೇಲೆ ಅಭ್ಯಾಸ ಶುರುಮಾಡಿದಳು. ಕಪ್ಪು ಪ್ಲಾಸ್ಟಿಕ್ ಸುತ್ತಿದ, ಆಳೆತ್ತರದ ಉರುಳೆಗಳು. ದಿನಾ ಕೆಲಸ ಮುಗಿಸಿ ಬಂದು ಒಂದೊಂದಕ್ಕೂ ಹೆಗಲು ಕೊಟ್ಟು ಅಂಗಳದ ತುಂಬ ಉರುಳಿಸುವಳು. ಒಂದು ಬೆಳಗ್ಗೆ ಹ್ಯಾನಿ ಅಡಿಗೆಮನೆಯ ಬಾಗಿಲು ತೆಗೆದರೆ ಎದುರಿಗೆ ಕಪ್ಪು ಗೋಡೆ. ಕಿಟಕಿಯಿಂದ ಇಳಿದು ಕೋಳಿಗೆ ಕಾಳು ಹಾಕಬೇಕಾಯಿತು. ಆದರೆ ಮುಂದಿನ ಚಳಿಗಾಲ ಬರುವಷ್ಟರಲ್ಲಿ ಕಾರ್ಕ್‌ನ ಮೈದಾನಗಳಲ್ಲಿ ಅಬೀನಾಳ ಎದುರು ತಲೆ ಕೊಡಬೇಕಾದವರು ಮುಂಚೆಯೇ ನಿಟ್ಟುಸಿರು ಬಿಡತೊಡಗಿದ್ದರು.

ಮರುವರ್ಷ ದೇಶದ ತಂಡಕ್ಕೆ ಆರಿಸುವವರು ಬಂದು ನೋಡಿಹೋದರು. ಕೆಲವು ವಾರ ಕಳೆದ ಮೇಲೆ, ಅವಳು ಲಾರಿ ತೆಗೆದುಕೊಂಡು ಹೋಗಿದ್ದಾಗ ಮನೆಗೆ ಫೋನು ಬಂತು. ಹ್ಯಾನಿ ಕೂಡಲೇ, ದಾರಿಯಲ್ಲಿ ಮಗಳು ಸಿಕ್ಕರೆ ಬೇಗ ಮನೆಗೆ ಕಳಿಸಿ ಎಂದು ಡೆನ್ನಿ ಜೋನ ಹೆಂಡತಿ ನೋನಿಗೆ ಫೋನು ಮಾಡಿ, ಯಾಕೆಂದೂ ಹೇಳಿ, ಯಾರಿಗೂ ಹೇಳಬೇಡ ಎಂದೂ ಸೇರಿಸಿದಳು. ನೋನಿಗೆ ಹೇಳಿದ್ದೂ ಊರಿಗೆ ಡಂಗುರ ಹೊಡೆಸಿದ್ದೂ ಒಂದೇ. ಎಲ್ಲರೂ ಒಂದು ತೀರ್ಮಾನಕ್ಕೆ ಬಂದರು: ಇಂಥ ಸುದ್ದಿಯನ್ನು ಹೆತ್ತವರೇ ಹೇಳಬೇಕು, ನಾವು ಬಾಯಿ ಬಿಡಬಾರದು.

ಮೊದಲ ಮನೆಯಲ್ಲಿ ಅಬೀನಾಗೆ ಒಂದು ಬುಟ್ಟಿ ಮೊಟ್ಟೆ ಕೊಟ್ಟರು. ಎರಡನೆಯದರಲ್ಲಿ ಒಣದ್ರಾಕ್ಷಿ ಹಾಕಿದ ರೊಟ್ಟಿ, ಬಿಸಿಬಿಸಿ. ಮುಂದಿನ ಮನೆಯ ಅಜ್ಜಿ ಬಾಗಿಲಿಗೆ ಬಂದು, ಅವಳ ಎರಡೂ ಕೈ ಹಿಡಿದು, ತೀರ್ಥದ ನೀರು ಚಿಮುಕಿಸಿ, ಕಣ್ಣೊರೆಸಿಕೊಂಡಳು. ಯಾರೋ ಸತ್ತಿರಬೇಕು ಎಂದು ಅಬೀನಾಗೆ ಅನ್ನಿಸತೊಡಗಿತು. ಹಾಲಿನ ಅಳತೆಗೆ ಪ್ರತಿದಿನ ತಕರಾರು ತೆಗೆಯುವ ಡೆನ್ನಿ ಜೋ ಅಂದು ತಾನೇ ಪೈಪು ಸಿಕ್ಕಿಸಿ, ತಾನೇ ಬಿಚ್ಚಿ, ಟೋಪಿಯನ್ನು ಎದೆಗೆ ಹಿಡಿದು ನಿಂತ.

"ಯಾರು ಹೋದ್ರು ಡೆನ್ನಿ ಜೋ? ಹೇಳಿಬಿಡು."

"ನಾನು ಹೇಳಬಾರದು ಕಣವ್ವ. ಮನೆಗೆ ಹೋಗು, ನಿಮ್ಮಪ್ಪ ಇದಾನೆ..."

"ಅಪ್ಪನಾ?"

ಮಿಕ್ಕ ಮಾತು ಅವಳಿಗೆ ಕೇಳಿಸಲಿಲ್ಲ. ತುಂಬಿದ ಹಾಲಿನ ಲಾರಿ ಆ ಕಿರುದಾರಿಯಲ್ಲಿ ಅಷ್ಟು ಜೋರಾಗಿ ಓಡಿದ್ದು ಅದೇ ಮೊದಲು. ಮನೆಯ ಗೇಟಿನಲ್ಲಿ ಕಾನಿ ಟೂಮಿ ಭಾನುವಾರದ ಸೂಟು ತೊಟ್ಟು, ಬೂಟಿಗೆ ಪಾಲಿಶು ಹಾಕಿಕೊಂಡು, ಜೀವಂತವಾಗಿ ನಿಂತಿದ್ದ. ಅಬೀನಾ ಲಾರಿಯಿಂದ ಹಾರಿ ಅಪ್ಪನ ಕೊರಳಿಗೆ ಬಿದ್ದು ಗಳಗಳ ಅತ್ತಳು.

"ಅಷ್ಟೊಂದು ಬೇಜಾರಾದ್ರೆ ಬೇಡ ಅಂತ ಹೇಳಿಬಿಡೋಣ," ಎಂದ ಕಾನಿ ಗಾಬರಿಯಿಂದ. "ಐರ್ಲೆಂಡ್ ತಂಡಕ್ಕೆ ಬೇರೆ ಯಾರನ್ನಾದ್ರೂ ತಗೋತಾರೆ."

ಅವಳು ಅಳುತ್ತಲೇ ನಗಲು ಶುರುಮಾಡಿದಳು. ಲಾರಿಯ ಸೀಟಿನ ಮೇಲಿದ್ದ ಮೊಟ್ಟೆ ಒಂದೂ ಉಳಿದಿರಲಿಲ್ಲ.

ಪಂದ್ಯ ಡಬ್ಲಿನ್‌ನಲ್ಲಿ, ಸ್ಕಾಟ್ಲೆಂಡ್ ಮೇಲೆ. ನೋಡಲು ಬಂದವರಲ್ಲಿ ಅರ್ಧಕ್ಕರ್ಧ ಮಂದಿ ಮಸ್ಕೆರಿಯಿಂದ ಬಸ್ಸು ಮಾಡಿಕೊಂಡು ಬಂದವರೇ. ಅವರಿಗೆ ಆಟದ ನಿಯಮ ಗೊತ್ತಿರಲಿಲ್ಲ. ಕಾನಿಯ ಅಕ್ಕಪಕ್ಕ ಕೂತವರಿಗೆ ಮಾತ್ರ ಎಲ್ಲ ಅರ್ಥವಾಗುತ್ತಿತ್ತು, ಅವನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಐರ್ಲೆಂಡ್ ಸೋತಿತು. ಆದರೆ ಕೊನೆಯ ಗಳಿಗೆಯಲ್ಲಿ ಎದುರಾಳಿಯ ಗೆರೆಯ ಹತ್ತಿರವೇ ಒಂದು ಸ್ಕ್ರಮ್ ಬಿತ್ತು. ಅಬೀನಾ ಹೆಗಲು ಕೊಟ್ಟಳು. ಎದುರಿನ ಸಾಲು ಮೊದಲು ನಡುಗಿತು, ಆಮೇಲೆ ಒಂದು ಹೆಜ್ಜೆ ಕೊಟ್ಟಿತು, ಆಮೇಲೆ ಹೆಜ್ಜೆ ಕೊಡುತ್ತಲೇ ಹೋಯಿತು. ಚೆಂಡಿನ ಸಮೇತ ಎಲ್ಲರೂ ಗೆರೆ ದಾಟಿ ಬಿದ್ದರು. ಅಂಕ ಬೇರೊಬ್ಬಳ ಹೆಸರಿಗೆ ಹೋಯಿತು; ಎಲ್ಲರ ಅಡಿಯಲ್ಲಿ, ಬಾಯಿತುಂಬ ಕೆಸರು ತುಂಬಿಕೊಂಡು, ಅಬೀನಾ ಖುಷಿಯಿಂದ ಕೂಗುತ್ತಿದ್ದಳು. ಆಟ ಮುಗಿದದ್ದೇ ಕಾನಿ ಮೈದಾನಕ್ಕೆ ಓಡಿಬಂದು ಮಗಳನ್ನು ಬಿಗಿದಪ್ಪಿದ. ಕೆಸರು ಒರೆಸಿ ನೋಡಿದರೆ ಅವಳು ಸ್ಕಾಟ್ಲೆಂಡಿನವಳು. ಬಿಟ್ಟರೆ ಚೆನ್ನಾಗಿರದು ಎಂದು ಅವಳಿಗೂ ಶಭಾಶ್ ಹೇಳಿದ.

ನಾಲ್ಕು ವರ್ಷ ದೇಶಕ್ಕೆ ಆಡಿದಳು. ಗೆದ್ದದ್ದು ಕೆಲವು, ಸೋತದ್ದು ಹಲವು. ಬೇಸಿಗೆಯಲ್ಲಿ ಕ್ಯಾಮೋಗಿಯನ್ನೂ ಬಿಡಲಿಲ್ಲ. ಮೊಣಕಾಲು ಮಾತು ಕೇಳದಾದ ಮೇಲೆ ಊರಿನ ಹುಡುಗಿಯರಿಗೆ ರಗ್ಬಿ ಕಲಿಸತೊಡಗಿದಳು. ನಾಡಿನ ಆಟಕ್ಕೆಂದೇ ಇದ್ದ ಮೈದಾನವನ್ನು ಊರ ಸಮಿತಿಯವರು ಒಂದಿಡೀ ಸಂಜೆ ಜಗಳವಾಡಿ ಚಳಿಗಾಲಕ್ಕೆ ಬಿಟ್ಟುಕೊಟ್ಟರು. ಗೋಲಿನ ಕಂಬಗಳಿಗೆ ಬಿಳಿ ಬಣ್ಣ ಬಳಿದವನು ಕಾನಿ.

ಈಗ ಅವಳಿಗೆ ಐವತ್ತು ದಾಟಿದೆ. ಹೋದ ವಸಂತದಲ್ಲಿ ಬ್ಯಾಂಟ್ರಿ ಕೊಲ್ಲಿಯ ಹೆಂಗಸರು ದೋಣಿ ಪಂದ್ಯಕ್ಕೆ ಒಬ್ಬಳು ಕಡಿಮೆ ಬಿದ್ದಳೆಂದು ಕರೆದರು. ದೋಣಿಯಲ್ಲಿ ಕೂತವಳೇ ಅಲ್ಲ ಅಬೀನಾ, ಆದರೂ ಹೋದಳು. ಅವಳ ಒಂದು ಹುಟ್ಟಿನ ರಭಸಕ್ಕೆ ಉಳಿದ ಮೂವರ ಬಲ ಸಾಲದೆ ದೋಣಿ ಮುಂದಕ್ಕೆ ಹೋಗುವ ಬದಲು ನಿಂತಲ್ಲೇ ಗಿರಗಿರನೆ ಸುತ್ತತೊಡಗಿತು. ಕಟ್ಟೆಯ ಮೇಲೆ ನಿಲ್ಲಿಸಿದ ಕಾರಿನಲ್ಲಿ ಹ್ಯಾನಿ, ಮಡಿಲಲ್ಲಿ ಚಹಾದ ಫ್ಲಾಸ್ಕು ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನೀರಿನ ಮೇಲೆ ಆ ನಾಲ್ವರೂ ನಗುತ್ತಿದ್ದರು. ಬೆನ್ನುನೋವು ಬಂದ ಒಬ್ಬಳು ಇವತ್ತಿಗೆ ಸಾಕು ಎಂದಳು. ಅಬೀನಾ ಒದ್ದೆ ಕೂದಲು ಹಿಂದಕ್ಕೆ ತಳ್ಳಿ, ಕತ್ತಲಾಗುವುದಕ್ಕೆ ಇನ್ನೂ ಹೊತ್ತಿದೆ, ಇನ್ನೊಂದು ಸಲ ಹೋಗೋಣ ಅಂದಳು.